ಕಳೆದ ಹನ್ನೆರಡು ತಿಂಗಳಲ್ಲಿ

ನೆಬ್ರಾಸ್ಕಾ. ನವೆಂಬರದ ಕೊನೆಯ ಭಾನುವಾರ.
ಕೊಯ್ದ ಮುಸುಕಿನ ಜೋಳದ ಕೂಳೆಗಳ ಮೇಲೆ
ಇಬ್ಬನಿ ಇನ್ನೂ ಕರಗಿಲ್ಲ.
ಕಂಪ್ಯೂಟರ್ ಎತ್ತಿದ ಚೀಟಿಯಲ್ಲಿ ಬಂದದ್ದು ಈ ಮನೆ.
ಪಕ್ಕದ ಮನೆಯಾಕೆ ಕೈಬೀಸಿ ಕರೆಯುತ್ತಾಳೆ, ಕಾಫಿ ಇದೆ ಎನ್ನುತ್ತಾಳೆ;
ಅವಳು ಲೆಕ್ಕಕ್ಕಿಲ್ಲ.

ಬಾಗಿಲು ತೆರೆದವನು ಲುಮೀರ್ ಕೊವಾರಿಕ್.
ಮೂವತ್ತೊಂದು ವರ್ಷ ಧಾನ್ಯದ ಲಾರಿ ಓಡಿಸಿದವನು.
ಒಂದು ಕೈ ಬಾಗಿಲ ಚೌಕಟ್ಟಿಗೆ, ಒಂದು ಕೈ ಸೊಂಟಕ್ಕೆ.
'ಸರ್ಕಾರಕ್ಕೆ ನನ್ನ ಬೆನ್ನಿನ ಚಿಂತೆ ಯಾವಾಗಿನಿಂದ?'

ಹಲ್ಲು ಕೇಳಿದೆ, ನಿದ್ದೆ ಕೇಳಿದೆ,
ಕಳೆದ ತಿಂಗಳು ಎಷ್ಟು ದಿನ ಮನಸ್ಸು ಕುಗ್ಗಿತ್ತು ಎಂದು ಕೇಳಿದೆ.
ಅದಕ್ಕೆ ಅವನು ಎದ್ದು ಹೋಗಿ ನೀರು ಕುಡಿದು ಬಂದ.
ಆಮೇಲೆ ಪರದೆಯ ಮೇಲೆ ಮೂಡಿತು
ಒಂದಕ್ಷರವೂ ಆಚೀಚೆ ಆಗದಂತೆ ಓದಬೇಕಾದ ಸಾಲು:
'ಕಳೆದ ಹನ್ನೆರಡು ತಿಂಗಳಲ್ಲಿ, ನಿಮ್ಮ ಆರೋಗ್ಯಕ್ಕಾಗಿ,
ಕೈರೋಪ್ರಾಕ್ಟರ್ ಒಬ್ಬರನ್ನು ಕಂಡಿದ್ದೀರಾ?'

ಹೌದು. ಇಲ್ಲ. ಗೊತ್ತಿಲ್ಲ. ಹೇಳಲೊಲ್ಲೆ.
ಇಡೀ ದೇಶದ ಬೆನ್ನಿಗೆ ನಾಲ್ಕು ಗುಂಡಿ.

'ಕಾಣುವುದೇನು ಬಂತು, ವಾರವಾರ ಕಾಣುತ್ತೇನೆ.
ಎಮಿಲ್. ನನ್ನ ಬೆನ್ನಿಗೆ ಬಿದ್ದ ತಮ್ಮ.
ಮುಚ್ಚಿದ ಚರ್ಚಿನಿಂದ ಒಂದು ಬೆಂಚು ತಂದು ಗ್ಯಾರೇಜಿನಲ್ಲಿ ಹಾಕಿದ್ದಾನೆ,
ಮುಖ ಇಡಲೆಂದು ಗರಗಸದಲ್ಲಿ ತೂತು ಕೊರೆದಿದ್ದಾನೆ.
ಬೋರಲು ಮಲಗುತ್ತೇನೆ. ಮೂಗಿಗೆ ಇಂಜಿನ್ ಎಣ್ಣೆಯ ವಾಸನೆ.
ಉಸಿರು ಬಿಡು ಅನ್ನುತ್ತಾನೆ. ಲಟ್, ಲಟ್.
ಸೋಮವಾರ ಬೂಟಿನ ದಾರ ನಾನೇ ಕಟ್ಟಿಕೊಳ್ಳುತ್ತೇನೆ.'

ಪರವಾನಗಿ ಇದೆಯೇ? ಪರದೆ ಕೇಳಿಲ್ಲ, ನಾನೂ ಕೇಳುವಂತಿಲ್ಲ.
ಕೇಳದೆಯೇ ಹೇಳಿದ:
'ಅಯೋವಾದ ಕಾಲೇಜಿನಲ್ಲಿ ಎರಡು ವರ್ಷ ಓದಿದ.
ಅಪ್ಪ ಏಣಿಯಿಂದ ಬಿದ್ದ ವರ್ಷ ಬಂದವನು ವಾಪಸು ಹೋಗಲಿಲ್ಲ.
ನೀವೇ ಹೇಳಿ, ಕೈರೋಪ್ರಾಕ್ಟರ್ ಅಂದರೆ ಯಾರು?'

ನಮಗೆ ಕಲಿಸಿದ ಉತ್ತರ ಒಂದೇ:
'ನಿಮಗೆ ಏನನ್ನಿಸುತ್ತದೋ ಅದೇ.'

ಫ್ರಿಜ್ ಗುಂಯ್‌ಗುಟ್ಟುತ್ತಿತ್ತು.
ಹೋದ ಸಮೀಕ್ಷೆಯಲ್ಲಿ ಈ ಪ್ರಶ್ನೆಗೆ ಬೇರೆ ಅಂಗಿ ತೊಡಿಸಿದ್ದರು;
ಎರಡು ಪದ ಬದಲಾದವು, ಶೇಕಡಾವಾರು ಮೇಲೇರಿತು,
ಬೆನ್ನುಗಳು ನೊಂದಲ್ಲೇ ನೊಂದವು.
ಒಂದಗುಳು ಹಿಸುಕಿ ಅನ್ನ ನೋಡುವ ಹಾಗೆ ನಮ್ಮ ಕೆಲಸ,
ಆದರೆ ಈ ಅಗುಳು ಎದುರು ಕೂತು ಯೋಚಿಸುತ್ತಿದೆ.
ಅವನಿಗೆ ಗೊತ್ತಿಲ್ಲ, ಅವನ ಕುರ್ಚಿಯ ಹಿಂದೆ
ಆರು ಸಾವಿರ ಚಿಲ್ಲರೆ ಜನ ಸಾಲುಗಟ್ಟಿದ್ದಾರೆ,
ಅವರಿಗೆಲ್ಲ ಇವನೇ ಬಾಯಿ.

'ಇಲ್ಲ ಅಂತ ಹಾಕಿ,' ಅಂದ ಕಡೆಗೆ.
'ವೈದ್ಯ ಅಂದರೆ ಹಣ ಕೊಡಬೇಕಾಗುತ್ತದೆ.
ಅವನು ತಮ್ಮ.'
ಒತ್ತಿದೆ. ಆರು ಸಾವಿರ ಬೆನ್ನುಗಳ ಮೇಲಿಂದ
ಆರು ಸಾವಿರ ಕೈಗಳು ಸದ್ದಿಲ್ಲದೆ ಎದ್ದುಹೋದವು.

ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ
ಕಳ್‌ ಎಂದಿತು ಸೊಂಟ. ಅಲ್ಲೇ ನಿಂತೆ, ಅರ್ಧ ಬಗ್ಗಿ.
ಇಪ್ಪತ್ತು ವರ್ಷ ಅಂಚೆ ಹೊತ್ತವಳು, ಈಗ ಇದನ್ನು ಹೊರುತ್ತೇನೆ.
ಹಿಂದಿನಿಂದ ಲುಮೀರ್ ನಕ್ಕದ್ದು ಕೇಳಿಸಿತು:
'ಎರಡನೇ ತಿರುವು, ನೀಲಿ ಶಟರು. ನಾನು ಕಳಿಸಿದೆ ಅನ್ನಿ.'

ಹೋಗಬಾರದಿತ್ತು. ಹೋದೆ.
ಎಮಿಲ್ ಮಾತಿನವನಲ್ಲ. ಬೆಂಚು ತೋರಿಸಿದ.
ತೂತಿನೊಳಗಿಂದ ಕಾಣುವಷ್ಟೇ ಜಗತ್ತು:
ಸಿಮೆಂಟು ನೆಲ, ಉರುಳಿಬಿದ್ದ ಒಂದು ನಟ್ಟು,
ಮತ್ತೆ ಸೀಮೆಸುಣ್ಣದ ಗೆರೆಗಳು, ನಾಲ್ಕು ನಿಂತವು,
ಅಡ್ಡ ಒಂದು ಎಳೆದವು, ಸಾಲು ಸಾಲು,
ಬೆಂಚಿನ ಕಾಲಿನಾಚೆ ಎಲ್ಲಿಗೋ ಹೋಗಿದ್ದವು.
ಬಂದುಹೋದವರ ಲೆಕ್ಕವೋ, ಬದಲಿಸಿದ ಟೈರುಗಳದೋ.
ಕೇಳಲಿಲ್ಲ. ಇವತ್ತಿಗೆ ಪ್ರಶ್ನೆ ಸಾಕು.

'ಉಸಿರು ಬಿಡಿ,' ಅಂದ.