ಗೌಜಲಕುಂಟೆಯ ಮೇಲೆ ಒಂದೂವರೆ ಗುಂಟೆ

ನೀರು ಕಾಣಬೇಕು, ಅಷ್ಟೇ, ಅಂದೆ ದ್ಯಾವಪ್ಪನಿಗೆ.
ತಣ್ಣಗಿರುವ ನೀರು.
ಮೂವತ್ತೊಂದು ವರ್ಷ ಶಿಡ್ಲಘಟ್ಟದ ಓಣಿಯಲ್ಲಿ
ಕುದಿವ ಬಾಣಲೆಗೆ ಕೈಯಿಟ್ಟು
ಗೂಡಿನ ಎಳೆ ಹುಡುಕಿದವಳು ನಾನು.
ಬೆರಳ ತುದಿಯಲ್ಲಿ ಗೆರೆಯೇ ಉಳಿದಿಲ್ಲ,
ಆಧಾರ್ ಮಿಷನ್ನು ಇವತ್ತಿಗೂ
ಕಮರುನ್ನೀಸಾ ನಾನೇ ಅಂದರೆ ನಂಬುವುದಿಲ್ಲ.

ದುಡ್ಡೆಷ್ಟಿದೆ ಅಂದ.
ಎರಡು ಚರಕ ಮಾರಿದ್ದು, ಚೀಟಿ ಎತ್ತಿದ್ದು,
ಅಡವಿಟ್ಟು ಬಿಡಿಸಿ ಮತ್ತೆ ಅಡವಿಟ್ಟ ಸರ,
ಎಲ್ಲ ಕೂಡಿಸಿ ಹೇಳಿದೆ.
ಹೊರಟಿದ್ದ ಮೊಪೆಡ್ಡಿಗೆ ಮತ್ತೆ ಸ್ಟ್ಯಾಂಡು ಹಾಕಿ
ಅವನು ಇನ್ನೊಂದು ಟೀ ಹೇಳಿದ.

ದೊಡ್ಡ ಕೆರೆ ಮರೆತುಬಿಡಿ ಅಕ್ಕಾ.
ಬೆಂಗಳೂರಿನ ಬಚ್ಚಲು ಸೋಸಿ ಅಲ್ಲಿಗೆ ಬಿಟ್ಟ ಮೇಲೆ
ನೀರಿಗಿಂತ ಮುಂಚೆ ರೇಟು ಕಟ್ಟೆ ಹತ್ತಿದೆ.
ಆದರೂ ಹೋಗಿ ನೋಡಿದೆವು.
ಲೇಕ್ ವ್ಯೂ ಬೋರ್ಡಿನಲ್ಲಿ ಜೋಡಿ ಹಂಸ,
ಬೋರ್ಡಿನ ಕೆಳಗೆ ನೊರೆ.

ಎರಡನೆಯ ಕೆರೆ ನಕ್ಷೆಯಲ್ಲಿತ್ತು.
ಹೋದರೆ ಕಲ್ಯಾಣಮಂಟಪ, ಪಂಚರ್ ಅಂಗಡಿ,
ಅರ್ಧ ಕಡಿದ ಕಟ್ಟೆಯ ಮೇಲೆ ಟವರು.
ಯಾರದೋ ಅಡುಗೆಮನೆಗೆ
ಪಹಣಿಯಲ್ಲಿ ಇನ್ನೂ ಕೆರೆಯಂಗಳ ಅಂತಲೇ ಹೆಸರು.
ಇಲ್ಲಿ ನೀವು ನೀರಿನ ಹತ್ತಿರ ಹೋಗೋದೇ ಬೇಡ,
ಜೋರು ಮಳೆ ಬಂದರೆ ಅದೇ ಬರುತ್ತೆ,
ಅಂತ ದ್ಯಾವಪ್ಪ ಒಬ್ಬನೇ ನಕ್ಕ.

ದಿಬ್ಬೂರಹಳ್ಳಿ ದಾಟಿ, ಟಾರು ಮುಗಿದು,
ಮೊಪೆಡ್ಡು ಎರಡು ಸಲ ತಳ್ಳಿ,
ಮೂರನೆಯದು.
ಫೋನಿನಲ್ಲಿ ಬರೀ ಬಿಳಿ ಇದ್ದ ಕಡೆ
ಒಂದು ಕುಂಟೆ, ಸುತ್ತ ಹೊಂಗೆ, ಜಾಲಿ.
ಕೋಡು ಮೂಗು ಮಾತ್ರ ಮೇಲಿಟ್ಟುಕೊಂಡ ಎಮ್ಮೆ.
ಹೆಸರು ಗೌಜಲಕುಂಟೆಯಂತೆ.
ಹಕ್ಕಿ ಕಾಣಲಿಲ್ಲ, ಕೂಗು ಕೇಳಿಸಿತು.

ನೀರಿನ ಪಕ್ಕದ ಗುಂಟೆಗೆ
ಅವನು ಹೇಳಿದ ಬೆಲೆಗೆ ನಾನೇ ಹೆದರಿದೆ.
ಗೂಡಿನ ಮಾರ್ಕೆಟ್ಟಿನಲ್ಲಿ
ಅಗ್ಗದ ಲಾಟು ಕಂಡರೆ ಕೈ ಹಾಕಿ ಒಂದು ಗೂಡೆತ್ತಿ
ಕಿವಿ ಪಕ್ಕ ಅಲ್ಲಾಡಿಸುವುದು ನನ್ನ ಅಭ್ಯಾಸ.
ಒಳಗಿನ ಹುಳ ಸತ್ತಿದ್ದರೆ ಸದ್ದೇ ಬೇರೆ.
ನೆಲವನ್ನು ಹೇಗೆ ಅಲ್ಲಾಡಿಸುವುದು?

ತೂಬಿನ ಕಡೆಯಿಂದ ಹಾರೆ ಹೊತ್ತು
ನೀರಗಂಟಿ ಪಿಳ್ಳವೆಂಕಟಪ್ಪ ಬಂದ.
ದಲ್ಲಾಳಿಗೆ ಮಾತಾಡಲಿಲ್ಲ,
ಕಳ್ಳಿ ಸರಿಸಿ ಒಂದು ಕಲ್ಲು ತೋರಿಸಿದ. ಮೂರು ಗೆರೆ.
ಕೆಳಗಿನದು ನಾನು ಕೆತ್ತಿದ್ದು. ನಡುವಿನದು ನಮ್ಮಪ್ಪ.
ಮೇಲಿನದು ಯಾರದೋ, ನಮ್ಮ ತಾತನಿಗೂ ಗೊತ್ತಿರಲಿಲ್ಲ.
ನೀವು ನಿಂತಿದ್ದೀರಲ್ಲ, ಅಲ್ಲೇ,
ಕೋಡಿ ಹೋದ ವರ್ಷ, ಕುಕ್ಕೆ ಹಾಕಿ ಮೀನು ಹಿಡಿದಿದ್ದೀನಿ.
ಎಷ್ಟು ವರ್ಷಕ್ಕೊಂದು ಸಲ ಬರುತ್ತೆ, ಕೇಳಿದೆ.
ಅದಕ್ಕೆ ಬರಬೇಕು ಅನ್ನಿಸಿದಾಗ.
ದ್ಯಾವಪ್ಪ ಫೋನು ನೋಡತೊಡಗಿದ.

ಹತ್ತಿದೆವು. ಮೂರನೆಯ ಗೆರೆಯ ಮಟ್ಟ ದಾಟಿ,
ಹುಣಿಸೆಮರ ದಾಟಿ, ಒಂದು ಬಂಡೆಯ ಹಿಂದೆ
ಗ್ರಾಮಠಾಣದ ಒಂದೂವರೆ ಗುಂಟೆ. ಖಾತೆ ಇದೆ. ಜಗಳ ಇಲ್ಲ.
ಕೂತರೆ ಬಂಡೆ ಮಾತ್ರ.
ನಿಂತರೆ, ಬಂಡೆಯ ಮೇಲೆ,
ಸೀರೆಯಂಚಿನಷ್ಟು ನೀರು.
ಇದನ್ನ ಕೆರೆದಂಡೆ ಅನ್ನೋಕ್ಕಾಗಲ್ಲ ಅಕ್ಕಾ,
ಅವನ ದನಿಯಲ್ಲಿ ಕಮಿಷನ್ನು ಇಳಿಯಿತು.
ಬಾಣಲೆ ಮುಂದೆ ಮೂವತ್ತೊಂದು ವರ್ಷ ಕೂತೇ ಇದ್ದೆನಪ್ಪ,
ಇನ್ನು ಸ್ವಲ್ಪ ನಿಲ್ಲುತ್ತೇನೆ, ಅಂದೆ.

ಹೊರಡುವ ಮುಂಚೆ ಇಳಿದುಹೋಗಿ
ಮಣಿಕಟ್ಟಿನವರೆಗೆ ಕೈ ಮುಳುಗಿಸಿದೆ.
ಸುಡಲಿಲ್ಲ.
ಬೆರಳುಗಳು ಮಾತ್ರ, ಹೇಳದೆ ಕೇಳದೆ,
ಎಳೆಯ ತುದಿ ಹುಡುಕತೊಡಗಿದವು.

ಬರುವ ಗುರುವಾರ ರಿಜಿಸ್ಟ್ರಿ.
ಹೆಬ್ಬೆಟ್ಟು ಮಿಷನ್ನು ಒಪ್ಪದಿದ್ದರೆ
ಕಣ್ಣು ತೋರಿಸಬಹುದಂತೆ.
ಕಣ್ಣಾದರೆ ಇದೆ.
ನೋಡುವುದಕ್ಕೇ ತಾನೆ ಕೊಂಡದ್ದು.