ಸೊನ್ನೆಯ ಕುಂಡಗಳು

ಚಿಲೋಯೆ ದ್ವೀಪ, ಕೆಮ್ಚಿಯ ದಿಣ್ಣೆ.
ಕಡಲಿಗೆ ಬೆನ್ನು ಹಾಕಿದ ಪ್ಲಾಸ್ಟಿಕ್ ಹೊದಿಕೆಯ ಮನೆ,
ಒಳಗೆ ನಲವತ್ತು ಕುಂಡ.
ಒಂದೇ ಗಾತ್ರ. ಒಂದೇ ಗುಡ್ಡದ ಮಣ್ಣು,
ಮೂರು ಸಲ ಜರಡಿ ಹಿಡಿದದ್ದು.
ಒಂದೇ ತಳಿಯ ನೇರಳೆ ಆಲೂಗಡ್ಡೆ,
ಕಣ್ಣು ಎಣಿಸಿ ಕತ್ತರಿಸಿ ನೆಟ್ಟದ್ದು.
ದಿನ ಬಿಟ್ಟು ದಿನ ಎರಡೆರಡು ಲೋಟ ನೀರು.
ಬೇರೆ ಎಂಬುದು ಒಂದೇ ಒಂದು:
ಇಪ್ಪತ್ತಕ್ಕೆ ಶನಿವಾರ ಶನಿವಾರ ಕಡಲಪಾಚಿ,
ಇಪ್ಪತ್ತಕ್ಕೆ ಏನೂ ಇಲ್ಲ.
ಅವುಗಳ ಹಣೆಗೆ ಬಿಳಿ ಬಣ್ಣದಲ್ಲಿ ಸೊನ್ನೆ ಬರೆದೆ.

ಪಾಚಿ ಉಂಡರೆ ಗೆಡ್ಡೆ ಬಲಿಯುತ್ತದೆ.
ಇದು ದ್ವೀಪದ ಅಜ್ಜಿಯರ ಮಾತು,
ನನ್ನ ಅಜ್ಜಿಯದೂ.
ಎತ್ತಿನ ಗಾಡಿಯಲ್ಲಿ ತೀರದಿಂದ ಹೇರಿ ತಂದು
ಸಾಲುಸಾಲಿಗೆ ಸುರಿಯುತ್ತಿದ್ದಳು.
ಆ ಮಾತಿನ ಮೇಲೆ ನನಗೆ ಅನುಮಾನವೇ ಇರಲಿಲ್ಲ.
ಅದೇ ನನ್ನ ಅನುಮಾನ.

ಅವಳು ಪಾಚಿ ಸುರಿದ ವರ್ಷ
ಮಳೆಯೂ ಹದವಾಗಿದ್ದಿರಬಹುದು,
ಕಳೆ ಕೀಳಲು ಮಕ್ಕಳು ಹೆಚ್ಚಿದ್ದಿರಬಹುದು,
ಹಂದಿ ಬೇಲಿ ಮುರಿಯದೆ ಇದ್ದಿರಬಹುದು.
ಬೆಳೆ ಬಂದಾಗ ಎಲ್ಲರೂ ಬಂದು ತಮ್ಮಿಂದ ಎನ್ನುತ್ತಾರೆ.
ಬಾರದಿದ್ದರೆ
ಸಾಕ್ಷಿಗೆ ಒಬ್ಬರೂ ನಿಲ್ಲುವುದಿಲ್ಲ.

ಮಾರ್ಚಿಯಲ್ಲಿ ಅಗೆದು ತೂಗಿದೆ.
ಪಾಚಿಯವು, ಸರಾಸರಿ ಆರುನೂರ ಹತ್ತು ಗ್ರಾಂ.
ಸೊನ್ನೆಯವು, ಆರುನೂರ ನಾಲ್ಕು.
ತಕ್ಕಡಿ ಬದಲಿಸಿ ಮತ್ತೆ ತೂಗಿದೆ.
ತಕ್ಕಡಿಗೆ ಅಜ್ಜಿಯ ಹಂಗಿಲ್ಲ.

ಪ್ರಯೋಜನವಿಲ್ಲ ಎಂದು ಬರೆಯಲು
ಪೆನ್ನಿನ ಮುಚ್ಚಳ ತೆಗೆದಿದ್ದೆ, ಆಗ ಕಂಡಿತು:
ಸೊನ್ನೆಯ ಕುಂಡಗಳ ಒಳ ಅಂಚಿನಲ್ಲಿ
ಉಗುರಿನ ತುದಿಯಷ್ಟು ಬಿಳಿ ಗೆರೆ.
ಬೆರಳಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದೆ.
ಉಪ್ಪು.

ರೊಸಾಲ್ಬಾ ನಹುಯೆಲ್ಕಿನ್ ಬಾಗಿಲಲ್ಲೇ ಇದ್ದಳು,
ಕಸಬರಿಗೆಯನ್ನು ಊರುಗೋಲಿನಂತೆ ಹಿಡಿದು.
"ಪಾಚಿಯ ಬುಟ್ಟಿ ತೊಳೆದ ನೀರು, ಸೆನ್ಯೋರಾ,
ಹೇಗೂ ಚೆಲ್ಲುವುದು.
ಒಂದೊಂದಕ್ಕೆ ಒಂದೊಂದು ಬೊಗಸೆ, ಅಷ್ಟೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ...
ಆರು ಹೆತ್ತವಳು ನಾನು, ಕೈ ತಡೆಯಲಿಲ್ಲ."

ಆರು ತಿಂಗಳು, ಹೊಳೆಯಲ್ಲಿ ತೊಳೆದ ಹುಣಸೆ.
ಬೈಯಲು ಬಾಯಿ ತೆರೆದೆ.
ಕೊಡದಿರುವುದು ಶಿಕ್ಷೆಯಲ್ಲ, ಎಂದೆ,
ಈ ಇಪ್ಪತ್ತು ಸುಮ್ಮನೆ ಕೂತರೇನೇ
ಆ ಇಪ್ಪತ್ತಕ್ಕೆ ಕೊಟ್ಟದ್ದರ ಲೆಕ್ಕ ಸಿಗುವುದು.
ಅವಳು ಯೋಚಿಸಿದಳು.
"ಸರಿ. ಅದು ಆಲೂಗಡ್ಡೆಗೆ ಗೊತ್ತೇ?"

ಉತ್ತರ ಹುಡುಕುತ್ತ ಕತ್ತು ತಿರುಗಿಸಿದವಳಿಗೆ
ಕುಂಡಗಳು ನಿಂತ ಜಾಗ ಕಂಡಿತು.
ನಮ್ಮ ದ್ವೀಪಕ್ಕೆ ಬಿಸಿಲು ಬರುವುದು ಉತ್ತರದಿಂದ.
ಉತ್ತರದ ಹಲಗೆಯ ಮೇಲೆ
ಪಾಚಿಯ ಇಪ್ಪತ್ತೂ.
ಜೋಡಿಸಿದ್ದು ನಾನೇ,
ಸೆಪ್ಟೆಂಬರಿನಲ್ಲಿ, ಏನನ್ನೋ ಗುನುಗುತ್ತ.

ತೆರೆದ ಬಾಯಿ ಮುಚ್ಚಿದೆ.

ಎರಡನೆಯ ವರ್ಷ ಸೊನ್ನೆ ಅಳಿಸಿದೆವು.
ಬರೀ ಅಂಕಿ, ಒಂದರಿಂದ ನಲವತ್ತು.
ಯಾವ ಕುಂಡ ಎಲ್ಲಿ, ಯಾವುದಕ್ಕೆ ಪಾಚಿ,
ಎಲ್ಲವೂ ಅವಳ ಉಣ್ಣೆಯ ಟೊಪ್ಪಿಗೆಯಿಂದ ಎತ್ತಿದ ಚೀಟಿ.
ಪಟ್ಟಿ ಲಕೋಟೆಯೊಳಗೆ, ಬೀಗ ಹಾಕಿದ ಡ್ರಾಯರಿನಲ್ಲಿ.
ನಾನಿಲ್ಲದ ಹೊತ್ತು ಮಣ್ಣಿನಡಿ ಪಾಚಿ ಹೂಳುವುದು ಅವಳ ಕೆಲಸ,
ಉಳಿದವಕ್ಕೂ ಅಷ್ಟೇ ಆಳ ಕೆದಕಿ,
ಏನನ್ನೂ ಇಡದೆ,
ಅಷ್ಟೇ ಜೋಪಾನವಾಗಿ ಮುಚ್ಚುವುದು.
ಅದೇ ಕಷ್ಟ, ಎನ್ನುತ್ತಾಳೆ.

ಬುಟ್ಟಿ ತೊಳೆದ ನೀರನ್ನು
ನಲವತ್ತರ ನಡುವೆಯೇ ಹೊತ್ತು ನಡೆದು,
ಯಾರ ಮುಖವನ್ನೂ ನೋಡದೆ,
ಬೇಲಿಯಾಚೆ ಚೆಲ್ಲಿ ಬರುತ್ತಾಳೆ.
ಅಲ್ಲಿ ತುರಿಕೆ ಗಿಡ ಆಳೆತ್ತರ ಬೆಳೆದಿದೆ.
"ನೋಡಿದಿರಾ?" ಎಂದಳು ನಿನ್ನೆ, ಗೆದ್ದವಳಂತೆ.

ನೋಡಿದೆ.
ಪುಸ್ತಕ ಕೈಯಲ್ಲೇ ಇತ್ತು.
ಬರೆದುಕೊಳ್ಳಲಿಲ್ಲ.
ನೀರು ಬೀಳದ ತುರಿಕೆ ಗಿಡ
ಆ ಬೇಲಿಯ ಉದ್ದಕ್ಕೂ ಒಂದೂ ಇಲ್ಲ.