ಅಂಚಿನ ಬರಹ

ಮೂವತ್ತು ವರ್ಷ ಅವರಿಗೆ ಕಡತ ತಂದುಕೊಟ್ಟವಳು ನಾನೇ,
ವೊಲೊಗ್ದಾದ ಪತ್ರಾಗಾರದಲ್ಲಿ, ಮಾಡಿನ ಕೆಳಗೆ, ಒಲೆಯ ಬಿಸಿ ಮುಟ್ಟದ ಕೋಣೆ.
ಯೆರ್ಮೊಲಾಯ್ ಕ್ಲಿಮೊವಿಚ್
ಬೆರಳುತುದಿ ಕತ್ತರಿಸಿದ ಉಣ್ಣೆಗವಸು ತೊಟ್ಟು ಓದುತ್ತಿದ್ದರು
ಸತ್ತು ಮುನ್ನೂರು ವರ್ಷವಾದವರ ಬಿನ್ನಪಗಳನ್ನು:
'ನೆಲಕ್ಕೆ ಹಣೆ ಬಡಿದು ಅರಿಕೆ ಮಾಡುವೆವು, ದೊರೆಯೇ,
ಗಿರಣಿ ಸುಟ್ಟುಹೋಯಿತು, ಸುಂಕ ಸುಡಲಿಲ್ಲ.'
ಒಮ್ಮೆ ಕರೆದು ಹಾಳೆಯ ಅಂಚು ತೋರಿಸಿದರು.
ಯಾವನೋ ಗುಮಾಸ್ತನ ಸೊಟ್ಟ ಕೈ, ಒಂದೇ ಪದ:
'ನೋಡೋಣ.'
'ಈ ನೋಡೋಣದ ಮೇಲೆಯೇ, ಫೆವ್ರೋನ್ಯಾ, ನಮ್ಮ ದೇಶ ನಿಂತಿರುವುದು.'
ನಕ್ಕೆವು. ಚಹಾ ಆರಿತ್ತು.

ತೊಂಬತ್ತರ ವಸಂತ, ನದಿಯ ಹಿಮ ಬಿರಿಯುವಾಗ
ಜನ ಅವರನ್ನು ಹೆಗಲ ಮೇಲೆ ಹೊತ್ತರು.
ಮಾಸ್ಕೋ. ಟಿ.ವಿ.ಯಲ್ಲಿ, ಮೈಕಿನ ಮುಂದೆ,
ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು.
ಆಮೇಲೆ ಮಂತ್ರಿ. ಆಮೇಲೆ ಕಪ್ಪು ಕಾರು.
ಆಮೇಲೆ ನಾನೂ ಒಂದು ಕಾಗದ ಬರೆದೆ:
ಮಾಡು ಸೋರುತ್ತಿದೆ,
ಹದಿನೇಳನೆಯ ಶತಮಾನ ತೊಯ್ಯುತ್ತಿದೆ.

ನನ್ನದೇ ಕಾಗದ ವಾಪಸು ಬಂತು.
ಅಂಚಿನಲ್ಲಿ ದುಂಡು ಅಕ್ಷರ,
ಕಡತದ ಚೀಟಿಗಳಲ್ಲಿ ದಿನವೂ ಕಂಡಿದ್ದ ಅಕ್ಷರ.

ಸೋತ ಮೇಲೆ, ಒಂದು ನವೆಂಬರಿನಲ್ಲಿ, ಬಂದರು.
ಗವಸು ಅದೇ. ಬೆರಳು ನಡುಗುತ್ತಿದ್ದವು.
ತಮ್ಮ ಇಲಾಖೆಯ ಕಡತ ಮಾಸ್ಕೋದಿಂದ ತರಿಸಲಾದೀತೇ ಎಂದರು.
ನಿಯಮ ಹೇಳಿದೆ: ಎಪ್ಪತ್ತೈದು ವರ್ಷ ತೆರೆಯುವಂತಿಲ್ಲ.
'ಸರಿ, ಹಳೆಯದನ್ನೇ ಕೊಡಿ.'

ಕೊಟ್ಟೆ. ನೆನೆದು ಒಣಗಿ ಸೆಟೆದ ಕಟ್ಟು.
ಗಿರಣಿಯವನ ಹೆಸರು ನೀಲಿಯಾಗಿ ಹರಡಿಹೋಗಿತ್ತು, ಊರೂ.
ಅಂಚು ಮಾತ್ರ ತೊಯ್ದಿರಲಿಲ್ಲ.
ಅವರು ಅಲ್ಲಿ ಹೆಬ್ಬೆರಳಿಟ್ಟು
ಕತ್ತಲಾಗುವವರೆಗೆ ಕೂತಿದ್ದರು.
ದೀಪ ಹಾಕಲೇ ಎಂದು ನಾನು ಕೇಳಲಿಲ್ಲ.